ಆರು ಅಂಕಣದ ಮನೆ

೨೧ ಏಪ್ರಿಲ್ ೨೦೨೫, ಸೋಮವಾರ
ನವನಗರ, ಬಾಗಲಕೋಟೆ

ಕಳೆದ ವರ್ಷ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಬಾಯಿಗೆ ಬಂದದ್ದನ್ನು ಬರೆದು ನೋಟಿಸ್ ತಿಂದಿದ್ದೇನೆ. ಇನ್ನೊಂದು ನೋಟಿಸ್ ಬಂದರೆ ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ. ಆದ್ದರಿಂದ ಈ ಸಲ ಯಾರನ್ನಾದರೂ ಬೈಯುವುದಿದ್ದರೆ ಇಲ್ಲೇ ಬೈಯಬೇಕೆಂದು ಈ ನೋಟ್‌ಬುಕ್ ತಂದಿದ್ದೇನೆ. ಇನ್ನೂರು ಪುಟ. "ಸಾಲೂದಿಲ್ಲ ನಿನಗ," ಎಂದಳು ಅವ್ವ.

ಇವತ್ತು ಗಣತಿದಾರರ ತರಬೇತಿ. ಇಪ್ಪತ್ನಾಲ್ಕು ಜನ. ಹೆಸರು ನೆನಪಿಡಲು ನನಗೆ ಪುರುಸೊತ್ತಿಲ್ಲ, ಎಲ್ಲರಿಗೂ ನಂಬರು ಕೊಟ್ಟಿದ್ದೇನೆ. ಕೆಲಸ ಇಷ್ಟೇ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ಊರುಗಳಲ್ಲಿ ಜನ ಎಂಥ ಮನೆಯಲ್ಲಿದ್ದಾರೆ ಎಂದು ಅಳೆಯಬೇಕು. ಮನೆಗೆ ಮೂವತ್ತೆರಡು ಪ್ರಶ್ನೆ. ಉತ್ತರಗಳನ್ನೆಲ್ಲ ಕೂಡಿಸಿದರೆ ಊರಿಗೊಂದು ಕೊರತೆ ಅಂಕ ಬರುತ್ತದೆ, ನೂರಕ್ಕೆ ಇಷ್ಟು ಎಂದು. ಅದರಲ್ಲಿ ಅರ್ಧ ತೂಕ ಕೋಣೆಗಳ ಲೆಕ್ಕಕ್ಕೇ. ಅಂಕ ಹೆಚ್ಚಾದಷ್ಟೂ ಊರು ಕಷ್ಟದಲ್ಲಿದೆ ಎಂದರ್ಥ. ಮೊದಲೆರಡು ಸ್ಥಾನಕ್ಕೆ ಬಂದ ಊರುಗಳಿಗೆ ಮಾತ್ರ ಈ ವರ್ಷ ಹೊಸ ಮನೆಗಳು. ಜೂನ್ ಮೂವತ್ತಕ್ಕೆ ಪಟ್ಟಿ ಮುಚ್ಚುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಆ ಇಪ್ಪತ್ನಾಲ್ಕು ತಲೆಗಳಿಗೆ ಇಡೀ ದಿನ ಬೇಕಾಯಿತು. ಫ್ಯಾನ್ ಬೇರೆ ಕೆಟ್ಟಿತ್ತು. ಒಬ್ಬ ಎದ್ದು, "ಬಾಗಲಾ ಇಲ್ಲದ ಪಾಯಖಾನಿ ಪಾಯಖಾನಿ ಹೌದೇನ್ರಿ?" ಎಂದು ಕೇಳಿದ. ಇನ್ನೊಬ್ಬಳಿಗೆ ದನದ ಕೊಟ್ಟಿಗೆಯದೇ ಚಿಂತೆ. ಊಟಕ್ಕೆ ಬಿಡಬೇಕು ಎನ್ನುವಷ್ಟರಲ್ಲಿ ಹದಿನೇಳನೇ ನಂಬರಿನವ ಕೈ ಎತ್ತಿದ, ಇಳಕಲ್ಲಿಗೆ ಹಾಕಿರುವ ಹುಡುಗ, ಮೂವತ್ತರ ಆಸುಪಾಸು.

"ಮೇಡಂ, ಹದಿನಾಲ್ಕನೇ ಪ್ರಶ್ನೆದಾಗ ಕೋಣಿ ಎಷ್ಟು ಅಂತ ಐತ್ರಿ. ನಮ್ಮ ಕಡೆ ಹಳೇ ಮನಿಯಾವ್ರು ಕೋಣಿ ಲೆಕ್ಕ ಹೇಳಂಗಿಲ್ರಿ, ಅಂಕಣ ಹೇಳ್ತಾರ. ಅದನ್ನ ಹೆಂಗ ಬರೀಬೇಕ್ರಿ?"

"ಎಷ್ಟು ಅಂಕಣ ಅಂತಾರೋ ಅಷ್ಟು ಕೋಣಿ ಅಂತ ಬರಿ. ಅದಕ್ಕೇನು ಪಂಚಾಂಗ ನೋಡಬೇಕೇನು?" ಎಂದೆ. ಎಲ್ಲರೂ ನಕ್ಕರು. ಅವನು ತಲೆ ಬಗ್ಗಿಸಿ ಬರೆದುಕೊಂಡ. ಇಂಥವರನ್ನು ಕಟ್ಟಿಕೊಂಡು ನಾನು ನಾಲ್ಕು ಊರು ಅಳೆಯಬೇಕು.

೧೪ ಮೇ, ಬುಧವಾರ
ಹುನಗುಂದ

ಜನ ಸುಳ್ಳು ಹೇಳುತ್ತಾರೆ, ಅದೂ ಮುಖ ನೋಡಿಕೊಂಡು. ಇವತ್ತು ನಾನೇ ಹನ್ನೊಂದು ಮನೆ ತಪಾಸಣೆ ಮಾಡಿದೆ. ಒಂದು ಮನೆಯವರು ಮೋಟರ್ ಸೈಕಲ್ಲನ್ನು ಕಣಿಕೆಯ ಬಣವೆಯ ಹಿಂದೆ ನಿಲ್ಲಿಸಿದ್ದರು. ಇನ್ನೊಂದರಲ್ಲಿ ಟೀವಿಗೆ ಕೌದಿ ಹೊದಿಸಿ ಮೇಲೆ ಮಗುವನ್ನು ಕೂರಿಸಿದ್ದರು. ಕೌದಿ ತೆಗೆಸಿದೆ. ಮನೆಯಾಕೆಯ ಮುಖ ಕಪ್ಪಿಟ್ಟಿತು. ಇಡಲಿ. ಸಮೀಕ್ಷೆ ಎಂದರೆ ಕಣ್ಣಾಮುಚ್ಚಾಲೆಯೇ?

ಮನೆ ಸಂಖ್ಯೆ ೨೧೨ ಮಾತ್ರ ಬೇರೆ. ನಾಲ್ಕೂ ಕಡೆ ತಗಡು, ಮೇಲೂ ತಗಡು. ಒಂದೇ ಕೋಣೆ, ಆರು ಜನ. ಒಳಗೆ ಬೋರವ್ವ ಎನ್ನುವ ಹೆಂಗಸು ಒಲೆಯ ಮುಂದೆ ಕೂತು ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ನಲವತ್ತೊಂದು ಡಿಗ್ರಿ. ಒಳಗೆ ಎಷ್ಟಿತ್ತೋ, ನಾನು ಐದು ನಿಮಿಷ ನಿಲ್ಲಲಾರದೆ ಹೊಸ್ತಿಲಾಚೆ ಬಂದೆ. ಆಕೆ ಏನನ್ನೂ ಬಚ್ಚಿಡಲಿಲ್ಲ, ಬಚ್ಚಿಡಲು ಏನೂ ಇರಲಿಲ್ಲ.

"ನಿಮಗ ಮನಿ ಬರೂದು ಖರೆ ನೋಡ್ರಿ," ಎಂದೆ. ಹಾಗೆಲ್ಲ ಹೇಳಬಾರದೆಂದು ನಾನೇ ತರಬೇತಿಯಲ್ಲಿ ಹೇಳಿದ್ದೆ. ಆದರೂ ಹೇಳಿದೆ.

"ಹಿಂದಿನಾವ್ರೂ ಹಿಂಗ ಅಂದಿದ್ರು," ಎಂದಳು ಬೋರವ್ವ, ರೊಟ್ಟಿ ತಿರುವುತ್ತ.

"ಹಿಂದಿನಾವ್ರು ನಾ ಅಲ್ಲ."

ಈ ಅಳತೆ ಇರುವುದೇ ಇಂಥವರಿಗಾಗಿ.

೨ ಜೂನ್, ಸೋಮವಾರ

ಅಂಕಗಳು ಬಂದವು. ಹುನಗುಂದ ೬೧. ಬಾಗಲಕೋಟೆ ೫೪. ಬಾದಾಮಿ ೩೮. ಇಳಕಲ್ ೨೯.

ಅಂದರೆ ಹುನಗುಂದಕ್ಕೂ ಬಾಗಲಕೋಟೆಗೂ ಮನೆ. ಇಳಕಲ್ಲಿನವರು ನಮ್ಮ ನಾಲ್ಕೂ ಊರುಗಳಲ್ಲಿ ಅತ್ಯಂತ ಸುಖಿಗಳು! ಸರಾಸರಿ ಮನೆಗೆ ಐದು ಕೋಣೆಯಂತೆ. ಅಲ್ಲಿನವರು ವರ್ಷವಿಡೀ ನೇಕಾರರ ಗೋಳು ಹೇಳಿಕೊಂಡು ತಿರುಗುತ್ತಾರೆ. ನಾನು ನವನಗರದಲ್ಲಿ ಬಾಡಿಗೆಯ ಎರಡು ಕೋಣೆಯಲ್ಲಿ ಅವ್ವನ ಗೊರಕೆ ಕೇಳಿಕೊಂಡಿದ್ದೇನೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ, ಹಾಗಾಯಿತು ಇವರದು.

ಬೆಂಗಳೂರಿನಿಂದ ಶ್ರೀಧರ ಸರ್ ಫೋನ್ ಮಾಡಿದ್ದರು, ನಮ್ಮ ಸಂಸ್ಥೆಯ ಸಮೀಕ್ಷಾ ಮುಖ್ಯಸ್ಥರು. "ಬಹಳ ಅಚ್ಚುಕಟ್ಟಾಗಿದೆ ದಾನೇಶ್ವರಿಯವರೇ, ನಿಮ್ಮ ಗುತ್ತಿಗೆಯ ನವೀಕರಣಕ್ಕೆ ಬರೆದಿದ್ದೇನೆ," ಎಂದರು. ಅಡುಗೆಗೆ ಕೈ ಹಚ್ಚುವ ಮೊದಲು ಈ ನಾಲ್ಕು ಸಾಲು ಬರೆದೆ. ಇವತ್ತು ಬೈಯಲು ಇಳಕಲ್ಲಿನವರನ್ನು ಬಿಟ್ಟರೆ ಯಾರೂ ಇಲ್ಲ.

೬ ಜೂನ್, ಶುಕ್ರವಾರ

ಬೈಯುವವರೇ ಬಾಗಿಲಿಗೆ ಬಂದರು.

ಬೆಳಿಗ್ಗೆ ಕಚೇರಿಗೆ ಹೋದರೆ ಮೆಟ್ಟಿಲ ಮೇಲೆ ಹನ್ನೆರಡು ಜನ ಕೂತಿದ್ದಾರೆ. ಇಳಕಲ್ಲಿನ ಒಂದು ಓಣಿಯವರು. ಮುಂದೆ ಒಬ್ಬ ಅರವತ್ತರ ಹೆಂಗಸು, ಶಿವಲಿಂಗವ್ವ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ನಲವತ್ತಮೂರು ಹೆಬ್ಬೆಟ್ಟು ಮತ್ತು ಸಹಿಗಳ ಅರ್ಜಿ. ತಮ್ಮ ಊರನ್ನು ಪಟ್ಟಿಯಿಂದ ಯಾಕೆ ಬಿಟ್ಟಿದ್ದೀರಿ ಎಂದು.

"ನಿಮ್ಮ ಮನ್ಯಾಗ ಕೋಣಿ ಎಷ್ಟದಾವ ಗೊತ್ತದೇನ್ರಿ ನಿಮಗ?" ಎಂದೆ. ಟ್ಯಾಬಿನಲ್ಲಿ ಆಕೆಯ ಮನೆ ತೆಗೆದು ತೋರಿಸಿದೆ. "ಆರು! ಆರು ಕೋಣಿ, ಒಂಬತ್ತು ಮಂದಿ, ಕಲ್ಲಿನ ಗೋಡಿ. ನನಗ ಎರಡ ಅದಾವ. ನಾ ಯಾರಿಗೆ ಅರ್ಜಿ ಕೊಡ್ಲಿ?"

ಆಕೆ ಟ್ಯಾಬನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಆರು ಕೋಣಿ ಯಾರ ಹೇಳ್ಯಾರ?"

"ನೀವ ಹೇಳೀರಿ. ನಿಮ್ಮ ಹೆಬ್ಬೆಟ್ಟು ಐತಿ."

"ನಾ ಹೇಳಿಲ್ಲ ತಂಗಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು? ಬಂದು ನೋಡು."

ಅರವತ್ತು ಮಂದಿಯೆದುರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು. ಬರುತ್ತೇನೆ ಎಂದೆ. ಹೋಗಿ ಆ ಆರೂ ಕೋಣೆಗಳ ಫೋಟೋ ತೆಗೆದು ಅವರ ಅರ್ಜಿಗೇ ಅಂಟಿಸಿ ಕಳಿಸುತ್ತೇನೆ. (ಅರವತ್ತು ಅಲ್ಲ, ಹನ್ನೆರಡು. ಸಿಟ್ಟಿನಲ್ಲಿ ಹಾಗೆ ಬರೆದೆ.)

೧೦ ಜೂನ್, ಮಂಗಳವಾರ
ಇಳಕಲ್‌ನಿಂದ ಬರುವ ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಆದರೂ ಈಗಲೇ ಬರೆಯಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಕೂತಿರುವ ಈ ಪಾಪದ ಮಾಸ್ತರರ ಮೇಲೆ ಹರಿಹಾಯುತ್ತೇನೆ.

ಓಣಿಯ ತುಂಬ ಮಗ್ಗದ ಸದ್ದು. ಶಿವಲಿಂಗವ್ವನ ಮನೆಯ ಬಾಗಿಲಲ್ಲಿ ನಿಂತು, "ಒಂದೊಂದ ಕೋಣಿ ತೋರಸ್ರಿ," ಎಂದೆ. ಫೋನಿನ ಕ್ಯಾಮೆರಾ ತೆರೆದು ಸಿದ್ಧವಾಗಿದ್ದೆ.

ಒಳಗೆ ಒಂದೇ ಹಾಲ್. ನಡುವೆ ಗೋಡೆ ಇಲ್ಲ. ಮರದ ಕಂಬಗಳು, ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಎದುರಿಗೇ ಹಿತ್ತಲ ಗೋಡೆಯ ಬುಡಕ್ಕೆ ನೆಲದಲ್ಲಿ ಕುಣಿ ತೋಡಿ ಎರಡು ಮಗ್ಗ ಹೂಡಿದ್ದಾರೆ. ಮಗ ಬಾಬಣ್ಣ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಏಳಲಿಲ್ಲ, ತಲೆಯಲ್ಲೇ ಶರಣು ಅಂದ.

"ಕೋಣಿ ಎಲ್ಲದಾವ್ರಿ?" ಎಂದೆ ಮತ್ತೆ.

"ಕೋಣಿ ಯಾವೂ ಇಲ್ಲ. ಅಂಕಣ ಅದಾವ, ಎಣಸು," ಎಂದಳು ಶಿವಲಿಂಗವ್ವ. ಒಂದು ಕಂಬ ಮುಟ್ಟಿದಳು, ಆಚೆ ಕಂಬಕ್ಕೆ ನಡೆದು ಅದನ್ನೂ ಮುಟ್ಟಿದಳು. "ಈ ಕಂಬದಿಂದ ಆ ಕಂಬಕ ಒಂದು ಅಂಕಣ. ಹಿಂಗ ಮೂರು, ಆ ಮಗ್ಗಲಾ ಮೂರು. ಆರು ಅಂಕಣದ ಮನಿ ಅಂತ ನಮ್ಮ ಮಾವನ ಕಾಲದಿಂದ ಕರೀತಾರ. ನಿಮ್ಮ ಮನಷಾ ಬಂದು ಮನಿ ಎಷ್ಟರದು ಅಂದ. ಆರು ಅಂಕಣದ್ದು ಅಂದೆ. ತಪ್ಪಾತೇನು?"

ಎಂದಿನಂತೆ ಕೋಪ ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಟೇಪು ತೆಗೆದು ನಾನೇ ಅಳೆದೆ. ಇಪ್ಪತ್ತೇಳು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಎರಡು ಅಂಕಣ ಮಗ್ಗಕ್ಕೆ. ಒಂದರಲ್ಲಿ ಒಲೆ. ಒಂದು ಸೋರುತ್ತದೆಂದು ಅಲ್ಲಿ ಯಾರೂ ಮಲಗುವುದಿಲ್ಲ, ಪಾತ್ರೆ ಇಟ್ಟಿದ್ದಾರೆ. ಉಳಿದ ಎರಡು ಅಂಕಣದಲ್ಲಿ ಒಂಬತ್ತು ಜನ. ಸಣ್ಣ ಸೊಸೆ ಚೇತನಾ ಮದುವೆಯಾಗಿ ನಾಲ್ಕು ತಿಂಗಳು. ಕಂಬದಿಂದ ಕಂಬಕ್ಕೆ ಒಂದು ಹಳೆ ಸೀರೆ ಕಟ್ಟಿದ್ದಾರೆ, ಆಕೆ ಬಟ್ಟೆ ಬದಲಿಸುವುದು ಅದರ ಮರೆಯಲ್ಲಿ. ಊರಿಗೆಲ್ಲ ಸೀರೆ ನೇಯ್ದು ಕೊಡುವವರ ಮನೆಯಲ್ಲಿ ಇರುವ ಗೋಡೆ ಅದೊಂದೇ.

ಹಿತ್ತಲ ಗೋಡೆ ಹೊಟ್ಟೆ ಬಿಟ್ಟಿದೆ. ಅದಕ್ಕೆ ಹಳೆ ತೊಲೆಯೊಂದನ್ನು ಆಸರೆಯಾಗಿ ಕೊಟ್ಟಿದ್ದಾರೆ. ನಮ್ಮ ಒಂಬತ್ತನೇ ಪ್ರಶ್ನೆಯಲ್ಲಿ ಗೋಡೆ ಕಲ್ಲಿನದೋ ಮಣ್ಣಿನದೋ ಎಂದು ಮಾತ್ರ ಇದೆ. ಕಲ್ಲಿನದು. ನಿಂತಿದೆಯೋ ಬೀಳುತ್ತಿದೆಯೋ ಎಂದು ಯಾವ ಪ್ರಶ್ನೆಯೂ ಕೇಳುವುದಿಲ್ಲ.

"ಮಳಿಗಾಲ ಹತ್ತೂಕ ಮೊದಲ ಹೆಸರು ಬರತೈತೇನು?" ಎಂದು ಕೇಳಿದಳು ಶಿವಲಿಂಗವ್ವ. ದನಿ ತಗ್ಗಿತ್ತು. ಕಚೇರಿಯ ಮೆಟ್ಟಿಲ ಮೇಲಿನ ದನಿಯಲ್ಲ ಅದು. "ಈ ಗೋಡಿ ಈ ಸಲ ನಿಲ್ಲೂದಿಲ್ಲ ತಂಗಿ."

ಫೋಟೋ ತೆಗೆಯಲಿಲ್ಲ. ಚಹಾ ಕೊಟ್ಟರು, ಕುಡಿದೆ. ಹದಿನೇಳನೇ ನಂಬರಿನವ ನಾಳೆ ನನ್ನ ಕೈಗೆ ಸಿಗಲಿ. ಬುದ್ಧಿಯಿಲ್ಲದ ಕತ್ತೆ! ಕಂಬದ ಸಂದನ್ನೆಲ್ಲ ಕೋಣೆ ಎಂದು ಬರೆದು ಒಂದು ಊರನ್ನೇ ಪಟ್ಟಿಯಿಂದ ಆಚೆ ಹಾಕಿದ್ದಾನೆ. ಅವನನ್ನು ನಾಳೆಯೇ ಕಿತ್ತುಹಾಕುತ್ತೇನೆ.

೧೧ ಜೂನ್, ಬುಧವಾರ

ಬಂದ. ಬೈದೆ. ಪಕ್ಕದ ಕಚೇರಿಯವರು ಬಂದು ಇಣುಕುವಷ್ಟು ಬೈದೆ. ಮುಗಿಯುವ ತನಕ ಅವನು ನಿಂತೇ ಇದ್ದ. ಆಮೇಲೆ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಒಂದು ಪುಟ ಬಿಚ್ಚಿ ಮೇಜಿನ ಮೇಲಿಟ್ಟ.

'ಏ. ೨೧. ಪ್ರ. ೧೪. ಎಷ್ಟು ಅಂಕಣವೋ ಅಷ್ಟು ಕೋಣೆ. (ಮೇಡಂ)'

ಬಾಯಿಂದ ಹೊರಟದ್ದು ಹೊರಡಬಾರದ ಮಾತು. "ನಾ ಹೇಳಿದ್ರ ನಿನಗ ಬುದ್ಧಿ ಇರ್ಲಿಲ್ಲೇನು? ತಿರುಗಿ ಕೇಳಬೇಕಿತ್ತು."

"ಕೇಳಿದ್ನಲ್ರಿ. ಎಲ್ಲಾರೂ ನಕ್ರು. ಎರಡನೇ ಸಲ ಯಾರ ಕೇಳ್ತಾರ್ರಿ?" ಪುಸ್ತಕ ಮಡಚಿ ಕಿಸೆಗೆ ಇಟ್ಟುಕೊಂಡ. "ಮತ್ತ ನನ್ನ ಹೆಸರು ಬೀರೇಶ ಅಂತ್ರಿ."

ಮನೆಗೆ ಬಂದು ಅವ್ವನಿಗೆ ಹೇಳಿದೆ, ಅರ್ಧ ಮಾತ್ರ. ಗಣತಿದಾರರು ಹೀಗೊಂದು ಎಡವಟ್ಟು ಮಾಡಿದ್ದಾರೆ ಎಂದು. ಅವ್ವ ಕಾಯಿಪಲ್ಲೆ ಸೋಸುತ್ತ ಕೇಳಿದಳು, ಆಮೇಲೆ ಅಂದಳು: "ನಮ್ಮ ಹಳೇ ಊರಾಗಿನ ಮನಿ ಒಂಬತ್ತು ಅಂಕಣ ಇತ್ತು, ಡ್ಯಾಮಿನ ನೀರಾಗ ಹೋಗೂ ಮೊದಲ. ಕೋಣಿ ಇದ್ದದ್ದು ಎರಡ. ಒಂದು ದೇವರಿಗೆ, ಒಂದು ಬಾಣಂತಿಗೆ. ನೀ ಹುಟ್ಟಿದ್ದೂ ಅದರಾಗ. ನಿನಗ ಗೊತ್ತಿತ್ತಲ್ಲ?"

ಗೊತ್ತಿತ್ತು. ಹನ್ನೊಂದು ವರ್ಷದವರೆಗೆ ಆ ಮನೆಯಲ್ಲೇ ಇದ್ದೆ. ಗೊತ್ತಿದ್ದೂ ಊಟದ ಹೊತ್ತಾಯಿತೆಂದು ಬಾಯಿಗೆ ಬಂದದ್ದು ಹೇಳಿದೆ.

"ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ," ಎಂದಳು ಅವ್ವ, ಯಾರಿಗೆ ಎಂದಿಲ್ಲದೆ. ಊಟ ಬೇಡ ಎಂದು ಎದ್ದೆ. ಹತ್ತು ನಿಮಿಷ ಬಿಟ್ಟು ಹೋಗಿ ಉಂಡೆ.

೧೩ ಜೂನ್, ಶುಕ್ರವಾರ
ಬಾದಾಮಿ

ಬೀರೇಶನನ್ನೂ ಕರೆದುಕೊಂಡು ಹೋದೆ. ಗುಡ್ಡದ ಬುಡದ ಹಳೆ ಓಣಿಗಳಲ್ಲಿ ಮೂವತ್ತು ಮನೆ ನೋಡಿದೆವು. ಇಪ್ಪತ್ತಾರರಲ್ಲಿ ಅದೇ ತಪ್ಪು. ಹುನಗುಂದ, ಬಾಗಲಕೋಟೆಗಳಲ್ಲಿ ನಾವು ಅಳೆದದ್ದು ತಗಡಿನ ಮನೆ, ಹೊಸ ಬಡಾವಣೆಯ ಮನೆ; ಅಲ್ಲಿ ಯಾರೂ ಅಂಕಣದ ಲೆಕ್ಕ ಹೇಳಿರಲಿಲ್ಲ. ಕಾಳವ್ವ ಎಂಬ ಹಣ್ಣು ಮುದುಕಿಯ ಮನೆ ನಮ್ಮ ದಾಖಲೆಯಲ್ಲಿ ನಾಲ್ಕು ಕೋಣೆ. ನಾಲ್ಕರಲ್ಲಿ ಎರಡು ಅಂಕಣ ಹೋದ ವರ್ಷವೇ ಕುಸಿದು ಅಲ್ಲೀಗ ಬೇವಿನ ಗಿಡ ಎದ್ದಿದೆ. ಬಿದ್ದ ಅಂಕಣವನ್ನೂ ಆಕೆ ಬಿಡದೆ ಲೆಕ್ಕ ಹೇಳಿದ್ದಾಳೆ. ನಮ್ಮವರು ಬಿಡದೆ ಬರೆದುಕೊಂಡಿದ್ದಾರೆ.

"ಮನಿ ಬಿತ್ತು ಅಂದ್ರ ಅಂಕಣ ಎಲ್ಲಿ ಹೋಗತೈತಿ?" ಎಂದು ನನ್ನನ್ನೇ ಕೇಳಿದಳು ಕಾಳವ್ವ.

ಬಿಸಿಲು ವಿಪರೀತ. ಬೀರೇಶ ನೀರಿನ ಬಾಟಲಿ ಕೊಟ್ಟ. ಅವನಿಗೆ ಒಬ್ಬಳೇ ಮಗಳಂತೆ, ಹೆಸರು ಮಹೇಶ್ವರಿ, ಎರಡನೇ ಇಯತ್ತೆ.

೧೬ ಜೂನ್, ಸೋಮವಾರ

ಶ್ರೀಧರ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಲ್ಲ ಎಂದರೆ, ತಪ್ಪು ಆಗಿದೆ ಎಂದು ಹೇಳಿದೆ. ಯಾರದು ಎಂದು ಹೇಳಲಿಲ್ಲ.

"ಡೇಟಾ ಲಾಕ್ ಆಗಿದೆಯಲ್ಲ ದಾನೇಶ್ವರಿಯವರೇ," ಎಂದರು. ಅವರ ದನಿ ಎಂದೂ ಏರುವುದಿಲ್ಲ. ನನಗೆ ಅದೇ ತಡೆಯಲಾಗದು. "ತೆರೆಯಬೇಕಾದರೆ ನೀವು ಲಿಖಿತವಾಗಿ ಕಾರಣ ಕೊಡಬೇಕು. ಗಣತಿದಾರರ ತಪ್ಪು ಅಂತ ಕೊಟ್ಟರೆ ಇಳಕಲ್, ಬಾದಾಮಿಯ ಹನ್ನೆರಡು ಜನರನ್ನು ಮುಂದಿನ ಯಾವ ಸಮೀಕ್ಷೆಗೂ ತೆಗೆದುಕೊಳ್ಳುವ ಹಾಗಿಲ್ಲ. ತರಬೇತಿಯ ತಪ್ಪು ಅಂತ ಕೊಟ್ಟರೆ... ನವೀಕರಣದ ಕಡತ ನನ್ನ ಮೇಜಿನ ಮೇಲೇ ಇದೆ. ಯೋಚಿಸಿ. ಬೇಕಾದರೆ ಹೀಗೇ ಬಿಡೋಣ, ಮುಂದಿನ ಸಮೀಕ್ಷೆಯಲ್ಲಿ ಸರಿಪಡಿಸಬಹುದು."

ಮುಂದಿನ ಸಮೀಕ್ಷೆ ಐದು ವರ್ಷಕ್ಕೆ.

ಇಲ್ಲಿ ಸುಳ್ಳು ಬರೆದು ಏನು ಮಾಡಲಿ? 'ಗಣತಿದಾರರ ತಪ್ಪು' ಎಂದೇ ಮೇಲ್ ಬರೆದೆ. ಹನ್ನೆರಡು ಹೆಸರುಗಳನ್ನೂ ಒಂದರ ಕೆಳಗೊಂದು ಹಾಕಿದೆ. ಮೊದಲ ಸಲ ಅವರ ಹೆಸರುಗಳನ್ನು ಬರೆದದ್ದು ಹೀಗೆ. ಕಳಿಸಲಿಲ್ಲ. ಅಳಿಸಲೂ ಇಲ್ಲ. ಹಾಗೇ ಇಟ್ಟಿದ್ದೇನೆ.

೧೭ ಜೂನ್

ಕಳಿಸಿಲ್ಲ.

೧೯ ಜೂನ್, ಗುರುವಾರ

ಮಧ್ಯಾಹ್ನ ಬೀರೇಶನ ಫೋನ್. ನಿನ್ನೆಯಿಂದ ಇಳಕಲ್ಲಿನಲ್ಲಿ ಬಿಡದೆ ಮಳೆ. ಶಿವಲಿಂಗವ್ವನ ಹಿತ್ತಲ ಗೋಡೆ ಬಿತ್ತು.

ಹೋದೆ. ಬಸ್ಸಿನಲ್ಲಿ ಎರಡು ತಾಸು ಒಂದೇ ಮಾತು ತಲೆಯಲ್ಲಿ: ಒಂಬತ್ತು ಜನ, ಒಂಬತ್ತು ಜನ. ಯಾರೂ ಸತ್ತಿಲ್ಲ. ಬಾಬಣ್ಣ ಮಗ್ಗದ ಕುಣಿಯೊಳಗಿದ್ದ. ಗೋಡೆ ಮಗ್ಗದ ಮೇಲೆ ಬಿತ್ತು, ಕುಣಿಯಿಂದ ಮೇಲೇಳುವಷ್ಟರಲ್ಲಿ ಒಂದು ಕಲ್ಲು ಬಲಗಾಲಿನ ಮೇಲೆ. ದವಾಖಾನೆಯಲ್ಲಿದ್ದಾನೆ. ಎಲುಬು ಎರಡು ಕಡೆ ಮುರಿದಿದೆ. ಮಗ್ಗ ತುಳಿಯುವ ಕಾಲು ಅದು.

ಶಿವಲಿಂಗವ್ವ ಕೆಸರಿನಲ್ಲಿ ಕೂತು ಕೈಯಿಂದಲೇ ಮಣ್ಣು ತೋಡಿ ಮಗ್ಗದ ಲಾಳಿ ಹುಡುಕುತ್ತಿದ್ದಳು. ಅರ್ಧ ನೇಯ್ದ ಸೀರೆ ಕಲ್ಲುಗಳ ಸಂದಿಯಿಂದ ಹೊರಗೆ ಬಂದಿತ್ತು. ನನ್ನನ್ನು ನೋಡಿದಳು. ಅಳಲಿಲ್ಲ, ಬೈಯಲಿಲ್ಲ.

"ಈಗ ಬರಕೋ," ಎಂದಳು. "ಐದು ಅಂಕಣ."

ಓಣಿಯ ತುದಿಗೆ ಬಂದು ಶ್ರೀಧರ ಸರ್‌ಗೆ ಫೋನ್ ಹಚ್ಚಿದೆ. ಅವರು ಪೂರ್ತಿ ಕೇಳಿದರು. "ಛೇ, ಛೇ. ಒಂದು ಕೆಲಸ ಮಾಡಿ. ಬಿದ್ದ ಗೋಡೆಯ ಫೋಟೋ ಕಳಿಸಿ. ವಿಶೇಷ ಪ್ರಕರಣ ಅಂತ ಅದೊಂದು ಮನೆಯನ್ನು ಸೇರಿಸಿಬಿಡೋಣ. ಡೇಟಾ ತೆರೆಯುವ ರಗಳೆಯೇ ಬೇಡ."

"ಉಳಿದ ಮನೆಗಳ ಗೋಡೆ ಬಿದ್ದ ಮೇಲೆ ಅವುಗಳ ಫೋಟೋನೂ ಕಳಸ್ಲೇನ್ರಿ? ಒಂದೊಂದಾಗಿ ಬೀಳಬೇಕೋ, ಎಲ್ಲಾ ಕೂಡಿ ಬಿದ್ರ ನಡೀತದೋ?"

"ದಾನೇಶ್ವರಿಯವರೇ, ಭಾವುಕರಾಗಬೇಡಿ."

ಭಾವುಕಳಂತೆ! ಫೋನ್ ಕತ್ತರಿಸಿದೆ. ಅವರ ಮೇಲೆ ಸಿಟ್ಟಿತ್ತು, ಖರೆ. ಆದರೆ ಮೂರು ದಿನದಿಂದ ಕಳಿಸದೆ ಇಟ್ಟ ಆ ಮೇಲ್ ನನ್ನದೇ ಫೋನಿನಲ್ಲಿತ್ತು. ಸೋಮವಾರವೇ ನಾಲ್ಕು ಸಾಲು ನೆಟ್ಟಗೆ ಬರೆದಿದ್ದರೆ ಗೋಡೆ ನಿಲ್ಲುತ್ತಿರಲಿಲ್ಲ, ನನಗೂ ಗೊತ್ತು. ಬೀಳುವ ಗೋಡೆ ಬೀಳುತ್ತಿತ್ತು. ಆದರೂ ಆಕೆಯ ಮುಂದೆ ಹೀಗೆ ಬರಿಗೈಯಲ್ಲಿ ನಿಲ್ಲಬೇಕಾಗಿರಲಿಲ್ಲ.

೨೦ ಜೂನ್, ಶುಕ್ರವಾರ

ಹಳೆ ಮೇಲ್ ಅಳಿಸಿದೆ. ಹೊಸದು ಕಳಿಸಿದೆ. 'ತಪ್ಪು ತರಬೇತಿಯದು. ತರಬೇತಿ ಕೊಟ್ಟವಳು ನಾನು. ಗಣತಿದಾರರು ನಾನು ಹೇಳಿದಂತೆ ಬರೆದಿದ್ದಾರೆ. ಇಳಕಲ್ ಮತ್ತು ಬಾದಾಮಿಯ ಹದಿನಾಲ್ಕನೇ ಪ್ರಶ್ನೆಯನ್ನು ತೆರೆಯಬೇಕು.'

ಅವ್ವನಿಗೂ ಉಳಿದರ್ಧ ಹೇಳಿದೆ. "ನೌಕರಿ ಹೋಗತೈತೇನ?" ಎಂದಳು. "ಹೋಗತೈತಿ." "ಹೋಗ್ಲಿ ಅನ್ನಾಕ ನಾ ಏನ ಸಾವಕಾರನ ಹೆಂಡ್ತಿ ಏನ?" ಎಂದು ಜೋರಾಗಿಯೇ ಬೈದಳು. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದಳು.

೨೮ ಜೂನ್, ಶನಿವಾರ

ಎಂಟು ದಿನ ಬರೆದಿಲ್ಲ. ಪೆನ್ನು ಹಿಡಿಯಲು ಕೈಗೆ ಬಿಡುವಿರಲಿಲ್ಲ.

ಸೋಮವಾರ ಡೇಟಾ ತೆರೆದರು, ಐದು ದಿನದ ಗಡುವು ಕೊಟ್ಟು. ಹನ್ನೆರಡೂ ಜನ ಬಂದರು. ಕರೆಯಲು ನನಗೆ ಬಾಯಿ ಇರಲಿಲ್ಲ, ಬೀರೇಶನೇ ಕರೆದ. ಈ ಸಲ ಹೊಸ್ತಿಲಲ್ಲಿ ನಿಂತು ಕೇಳಲಿಲ್ಲ, ಒಳಗೆ ಹೋಗಿ ಗೋಡೆ ಎಣಿಸಿದೆವು. ಅವರಲ್ಲಿ ನಯೀಮ ಎಂಬವ ಕಾಲು ಉಳುಕಿದ್ದರೂ ಕುಂಟುತ್ತ ಎಪ್ಪತ್ತು ಮನೆ ಮುಗಿಸಿದ. ಮಾಯವ್ವ ಮಳೆಯಲ್ಲಿ ಟ್ಯಾಬನ್ನು ಸೆರಗಿನೊಳಗೆ ಇಟ್ಟುಕೊಂಡು ತಿರುಗಿದಳು. ಯಾರಿಗೂ ಬೈಯಲಿಲ್ಲ ನಾನು, ಬಹುಶಃ ಸುಸ್ತಾಗಿದ್ದೆ.

ಇವತ್ತು ಹೊಸ ಅಂಕಗಳು. ಇಳಕಲ್ ೬೬. ಬಾದಾಮಿ ೬೩.

ಓದಿ ಮೇಜು ಗುದ್ದಿದೆ, ಖುಷಿಗೆ. ಬೀರೇಶ ಪೇಢೆ ತರಲು ಎದ್ದ. ಶಿವಲಿಂಗವ್ವನಿಗೆ ಫೋನ್ ಮಾಡಿದೆ. ಆಕೆ ಮೂರು ಸಲ "ಖರೇನ?" ಎಂದಳು. ನವೀಕರಣ ಇಲ್ಲ ಎಂಬ ಮೇಲ್ ಕೂಡ ಆಗಲೇ ಬಂದಿತ್ತು. ಅದನ್ನು ಓದಿ ಅಂಥಾದ್ದೇನೂ ಅನ್ನಿಸಲಿಲ್ಲ.

ಆಮೇಲೆ ಕೆಳಗಿನ ಸಾಲು ನೋಡಿದೆ.

ಹುನಗುಂದ ೬೧. ಅದು ಅದೇ ೬೧. ಒಂದು ಅಂಕವೂ ಇಳಿದಿಲ್ಲ, ಒಂದು ತಗಡೂ ಬದಲಾಗಿಲ್ಲ. ಮೊದಲನೆಯದಾಗಿದ್ದದ್ದು ಮೂರನೆಯದಾಯಿತು ಅಷ್ಟೇ, ಅದರ ಕೆಳಗೆ ಬಾಗಲಕೋಟೆ. ಮನೆ ಬರುವುದು ಎರಡು ಊರಿಗೆ.

ಬೋರವ್ವ.

೫ ಜುಲೈ, ಶನಿವಾರ

ಒಂದು ವಾರ ಹೋಗಲಿಲ್ಲ. ನೌಕರಿ ಇಲ್ಲದವಳು ಹೋಗಿ ಹೇಳುವುದೇನು ಎಂದು ಮನೆಯಲ್ಲೇ ಕೂತೆ. ಇವತ್ತು ಬೆಳಿಗ್ಗೆ ಎದ್ದು ಹುನಗುಂದದ ಬಸ್ಸು ಹತ್ತಿದೆ.

ಬೋರವ್ವ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಾಚೆ ನಿಲ್ಲದೆ ಒಳಗೆ ಹೋಗಿ ಕೂತೆ. ತಗಡಿನ ಮೇಲೆ ಮಳೆ ಎಷ್ಟು ಸದ್ದು ಮಾಡುತ್ತಿತ್ತೆಂದರೆ ಎರಡೆರಡು ಸಲ ಹೇಳಬೇಕಾಯಿತು. ಮನೆ ಬರುವುದಿಲ್ಲ ಎಂದೆ. ಯಾಕೆ ಎಂಬುದನ್ನೂ ಎಲ್ಲ ಹೇಳಿದೆ: ನನ್ನ ತಪ್ಪು, ಅಂಕಣ, ಗೋಡೆ, ಹೊಸ ಅಂಕ.

ಆಕೆ ಹೆಂಚು ಇಳಿಸಿದಳು. "ಅಂದ್ರ ನನ್ನ ಮನಿ ಆಕಿಗೆ ಕೊಟ್ರಿ."

"ನಾ ಕೊಟ್ಟಿಲ್ರಿ, ಅಂಕ..."

"ಅಂಕ ಬಂದು ನನ್ನ ಮನ್ಯಾಗ ಕುಂತು ನಿಮಗ ಮನಿ ಬರೂದು ಖರೆ ಅಂದಿತ್ತೇನು? ನೀವು ಅಂದಿದ್ರಿ." ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು. "ಎಲ್ಲೈತಿ ಆಕಿ ಮನಿ? ನಡೀರಿ. ನನಗಿಂತ ಹೆಚ್ಚು ಗತಿಗೆಟ್ಟಾಳೋ ಇಲ್ಲೋ ನಾ ನೋಡ್ತೇನಿ."

ಹಿಂದೆಯೇ ಎದ್ದು ನಡೆದೆ. ಅರ್ಧ ತಾಸಿನ ದಾರಿ. ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಶಿವಲಿಂಗವ್ವನ ಮನೆಯ ಹಿತ್ತಲಿಗೆ ಗೋಡೆಯ ಬದಲು ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿದ್ದಾರೆ. ಬಾಬಣ್ಣ ಪಟ್ಟಿ ಸುತ್ತಿದ ಕಾಲು ಚಾಚಿ ಕಂಬಕ್ಕೆ ಒರಗಿದ್ದ. ಯಾರು ಎಂದು ನಾನು ಹೇಳುವ ಮೊದಲೇ ಬೋರವ್ವ ಒಳಗೆ ನಡೆದಳು. ಮುರಿದ ಮಗ್ಗ ನೋಡಿದಳು. ನೀರು ನಿಂತ ಕುಣಿ ನೋಡಿದಳು. ಸೀರೆಯ ಮರೆ ಸರಿಸಿ ಆಚೆ ನೋಡಿದಳು. ಮೇಲೆ ಸೋರುವ ಜಂತಿ ನೋಡಿದಳು. ಜನರನ್ನು ಒಬ್ಬೊಬ್ಬರನ್ನಾಗಿ ಎಣಿಸಿದಳು, ಬೆರಳು ಮಡಚಿ. ನಮ್ಮ ಇಪ್ಪತ್ನಾಲ್ಕು ಜನರಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಮನೆ ನೋಡಿರಲಿಲ್ಲ.

ನಾನು ಆಕೆ ಯಾರೆಂದು ಹೇಳಿದೆ. ಶಿವಲಿಂಗವ್ವನ ಮುಖ ಸಣ್ಣದಾಯಿತು. ಆಮೇಲೆ ತಲೆ ಎತ್ತಿ ಅಂದಳು, "ನನ್ನ ಹೆಸರು ತಗೀರಿ ಅಂತ ನಾ ಅನ್ನಂಗಿಲ್ಲ ತಂಗಿ. ಸಿಟ್ಟಾಗು, ಬೈಯಿ. ಅನ್ನಂಗಿಲ್ಲ."

"ಅನಬ್ಯಾಡ. ಯಾಕ ಅಂತಿ?" ಎಂದಳು ಬೋರವ್ವ. "ನಾ ಆಗಿದ್ರ ಅಂತಿದ್ನೇನು?"

ಚೇತನಾ ನೀರು ತಂದುಕೊಟ್ಟಳು. ಬೋರವ್ವ ಕುಡಿದು ಲೋಟ ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು. "ಇದೂ ಮನಿ ಅಲ್ಲ, ನಂದೂ ಮನಿ ಅಲ್ಲ. ಇದನ್ನ ತಿಳಕೊಳ್ಳಾಕ ನನಗ ಇಷ್ಟ ಹೊತ್ತು ಹತ್ತಿಲ್ಲ ನೋಡ್ರಿ. ನೀವು ಮೂರು ತಿಂಗಳು ತಿರಗೀರಿ, ಕಡೀಕ ನಮ್ಮಿಬ್ಬರನ್ನ ಜಗಳಾ ಹಚ್ಚಾಕೇನು?"

ಎರಡೇ ಊರು ಎಂದು ನಿಯಮ ಮಾಡಿದ್ದು ನಾನಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

"ಸೋಮವಾರ ಜಿಲ್ಲಾ ಕಚೇರ್ಯಾಗ ಅಹವಾಲು ಕೇಳ್ತಾರಂತಲ್ಲ," ಎಂದಳು ಶಿವಲಿಂಗವ್ವ. "ನಮ್ಮ ಓಣಿ ಬರತೈತಿ. ಎರಡ ಊರು ಅಂತ ಯಾಂವ ಅಂದಾನ, ಅವನ ಮುಂದ ಕೇಳೂಣು."

"ನಮ್ಮ ತಗಡಿನ ಓಣಿನೂ ಬರತೈತಿ," ಎಂದಳು ಬೋರವ್ವ. ನನ್ನನ್ನು ನೋಡಿದಳು. "ನೀವು?"

"ನನ್ನ ನೌಕರಿ ಹೋಗೇತ್ರಿ. ನನ್ನ ಮಾತು ಯಾರ ಕೇಳ್ತಾರ?"

"ನೌಕರಿ ಇದ್ದಾಗ ಏನ ಕಿಸದಿದ್ರಿ?" ಎಂದಳು. "ಈಗರ ಬರ್ರಿ."

ಬಾಬಣ್ಣ ನಕ್ಕುಬಿಟ್ಟ. ಶಿವಲಿಂಗವ್ವ ಅವನನ್ನು ಗದರಿದಳು. ಸೋಮವಾರ ಹತ್ತು ಗಂಟೆಗೆ ನವನಗರದ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ, ಇಳಿದ ಮೇಲೆ ಹುಡುಕಬೇಡಿ, ನಾನೇ ಹುಡುಕುತ್ತೇನೆ ಎಂದೆ.